ಚಿಗಟಕ್ಕೆ ಬೆಳ್ಳುಳ್ಳಿ ಸೊಪ್ಪು

ಅಣ್ಣ ತಂಗಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಪ್ಪನ ಮನೆಗೆ ನಡುಗೋಡೆ ಎಬ್ಬಿಸಿಕೊಂಡಿದ್ದರು. ಈ ಕಡೆ ತಂಗಿಯ ಹೊಲಿಗೆ ಯಂತ್ರ, ಆ ಕಡೆ ಅಣ್ಣನ ಗಡಿಯಾರ ರಿಪೇರಿ. ಅಣ್ಣನಿಗೆ ಊರಿನವರೊಂದಿಗೆಲ್ಲ ಮಾತು, ತಂಗಿಯೊಂದಿಗೆ ಮಾತ್ರ ಮೌನವ್ರತ. ಇದಕ್ಕೆ ಸ್ವಾಭಿಮಾನ ಎಂದು ಹೆಸರಂತೆ! ಪಾಲಾಗದೆ ಉಳಿದದ್ದು ನಾಯಿಯೊಂದೇ. ಹಿತ್ತಲ ಬೇಲಿ ನುಸುಳಿ ಎರಡೂ ಮನೆಯಲ್ಲಿ ಉಣ್ಣುತ್ತಿದ್ದ ಆ ಮೋಟುಕಾಲಿನ ಪ್ರಾಣಿಗೆ ಬೀದಿಯವರು ದೊರೆ ಎಂದು ಹೆಸರಿಟ್ಟಿದ್ದರು. ಒಂಟಿ ಹೆಂಗಸಾದ ತಂಗಿಗೆ ಅದು ಪಂಚಪ್ರಾಣ.

ದೊರೆಗೆ ಚಿಗಟ ಹತ್ತಿತು. ಕುಂಡದ ಬೆಳ್ಳುಳ್ಳಿ ಸೊಪ್ಪು ಹೆಚ್ಚಿ ಅನ್ನಕ್ಕೆ ಕಲಸಿ ಹಾಕಿದರೆ ಚಿಗಟ ಓಡುತ್ತದೆಂದು ಅಮ್ಮ ಹೇಳುತ್ತಿದ್ದಳು. ಸತ್ತ ಮೇಲೂ ಆ ಮನೆಯಲ್ಲಿ ಅವಳ ಮಾತು ವೇದವಾಕ್ಯ. ತಂಗಿ ದಿನವೂ ಒಂದು ಚಿಟಿಕೆ ಹಾಕಿದಳು. ಚಿಗಟ ಹೋಗಲಿಲ್ಲ, ದೊರೆಯೇ ಮೂಲೆ ಹಿಡಿದ. ಒಸಡು ಬಿಳುಚಿಕೊಂಡಿತು, ಮೂತ್ರ ಕೆಂಪಗೆ ಹೋಯಿತು.

ಅವಳು ನಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಅಣ್ಣ ಯಾರೋ ದಾರಿಹೋಕನ ಹಾಗೆ ಹಿಂದೆ ಬಂದ.

"ಈರುಳ್ಳಿ, ಬೆಳ್ಳುಳ್ಳಿ ಏನಾದ್ರೂ ತಿಂದಿದ್ಯಾ?" ಡಾಕ್ಟರಮ್ಮ ಕೇಳಿದರು.

ತಂಗಿ ನಾಯಿಯ ತಲೆ ಸವರಿದಳು. "ಸೊಪ್ಪು ಹಾಕ್ತಿದ್ದೆ. ಚಿಟಿಕೆಯಷ್ಟು."

"ಸೊಪ್ಪೂ ವಿಷಾನೇಮ್ಮ. ನಾಯಿ, ಬೆಕ್ಕಿಗೆ ರಕ್ತಾನೇ ಕೆಟ್ಟುಹೋಗತ್ತೆ. ಬೇರೆ ಯಾರಾದ್ರೂ ಹಾಕಿದ್ರಾ? ಪರೀಕ್ಷೆ ವರದಿ ಬರೋದು ನಾಳೆ. ಜಾಸ್ತಿ ತಿಂದಿದ್ರೆ ಇವತ್ತೇ ರಕ್ತ ಕೊಡಬೇಕು."

ಅಣ್ಣ ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತ ನಿಂತಿದ್ದ.

"ನಾನೊಬ್ಬಳೇ," ಎಂದಳು ತಂಗಿ.

ಚಿಟಿಕೆಯಷ್ಟೇ ಆದರೆ ರಕ್ತ ಬೇಡವೆಂದು ಡಾಕ್ಟರಮ್ಮ ಮಾತ್ರೆ ಕೊಟ್ಟು ಕಳಿಸಿದರು. ಬೀದಿಗೆ ಬಂದದ್ದೇ ತಡ, ಅಣ್ಣನಿಗೆ ನಾಲಿಗೆ ಬಂತು. ಅದೂ ಪಕ್ಕದ ಅಂಗಡಿಯವನ ಮುಂದೆ. "ನೋಡಪ್ಪ, ಮನೆಯವರೇ ವಿಷ ಹಾಕೋ ಕಾಲ ಬಂತು!"

ತಂಗಿ ತಲೆ ತಗ್ಗಿಸಿ ನಡೆದಳು. ತಪ್ಪು ತನ್ನದೇ ಎಂದು ಅವಳು ನಂಬಿದ್ದಳು.

ಮರುದಿನ ವರದಿ ಬರುವ ಮೊದಲೇ ದೊರೆ ಅವಳ ಮಡಿಲಲ್ಲಿ ಸತ್ತ.

ಅವಳು ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದಾಗ ಅಣ್ಣ ಬೇಲಿ ದಾಟಿ ಬಂದು ಅವಳ ಕೈಯಿಂದ ಗುದ್ದಲಿ ಇಸಿದುಕೊಂಡ. ಅವನ ಕಣ್ಣು ಕೆಂಪಾಗಿತ್ತು.

"ಅಮ್ಮನ ಮದ್ದಲ್ವಾ ಅಂತ ನಾನೂ ಹಾಕ್ತಿದ್ದೆ ಕಣೇ. ಎರಡು ಹೊತ್ತೂ, ಹಿಡಿ ಹಿಡಿ. ನಿನ್ನೆದುರಿಗೆ ಹೇಗೆ ಒಪ್ಪಿಕೊಳ್ಲಿ ಹೇಳು?"

ಇವನ ಬಾಯಿಂದ 'ಕಣೇ' ಎಂಬ ಒಂದು ಮಾತು ಕೇಳಲು ಅವಳು ಇಷ್ಟು ವರ್ಷ ಹಂಬಲಿಸಿದ್ದಳು. ಈಗ ಕೇಳಿ ಮೈಯೆಲ್ಲ ಉರಿಯಿತು.

"ನಿನ್ನೆ ಇದೇ ಮಾತು ಆಡಿದ್ರೆ ದೊರೆ ಉಳೀತಿದ್ನೇನೋ, ಅಣ್ಣ," ಎಂದಳು. "ಗುದ್ದಲಿ ಕೊಡು. ನಿನ್ನ ಕಡೆಗೆ ಹೋಗು."