ಪೆಟ್ರೋಲು ಟ್ಯಾಂಕಿನ ಮುಚ್ಚಳ

ಅನಂತಪುರಕ್ಕೆ ಹೊರಟ ನನ್ನ ಹಳೆಯ ಕಾರು ಆ ದಿನ ಮೂರನೆಯ ಸಲ ನಿಂತದ್ದು ಕುಂಜತ್ತೂರಿನ ಚಾದಂಗಡಿಯ ಎದುರು. ಡ್ರೈವರ್ ಮಹಾಬಲ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗಲಿಲ್ಲ.

"ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಿ, ಕಳ್ಳ! ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದು ಅಲ್ಲಿದ್ದವರೆಲ್ಲ ಕೇಳುವ ಹಾಗೆ ಬೈದೆ. ಅವನು ಮತ್ತೆ ಹ್ಯಾಂಡಲಿಗೆ ಬಗ್ಗಿದ.

ಸ್ವಲ್ಪ ಹೊತ್ತು ಬಿಟ್ಟು ಎಂಜಿನ್ ಹೊರಟಿತು. ನಾಲ್ಕು ಮೈಲಿ ಓಡಿ, ಜನರಿಲ್ಲದ ಗುಡ್ಡೆಯ ಮೇಲೆ ಮತ್ತೆ ನಿಂತಿತು. ಈ ಸಲ ಮಹಾಬಲ ಕಾರಿನ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು.

"ಇಲ್ಲಿ ನೋಡಿ ಭಟ್ರೇ. ಮುಚ್ಚಳದಲ್ಲಿ ಗಾಳಿ ಹೋಗ್ಲಿಕ್ಕೆ ಒಂದು ತೂತು ಉಂಟು. ಅದು ಕಟ್ಟಿದ್ರೆ ಪೆಟ್ರೋಲು ಬರುವುದಿಲ್ಲ. ಇದೆಂತ ಮೆತ್ತಿದ್ದು?"

ಗಂಧ. ಆಯುಧಪೂಜೆಯ ದಿನ ಭಕ್ತಿಯಿಂದ ದಪ್ಪಗೆ ಬಳಿದವನು ನಾನೇ. ದಿನಾ ಸಂಜೆ ಪುರಾಣ ಓದಿಸಿ ಕೇಳುವವನು ನಾನು. ನಿರಪರಾಧಿಯನ್ನು ತುಂಬಿದ ಸಭೆಯಲ್ಲಿ ಹಳಿಯುವ ಪದ್ಯ ಬಂದಾಗಲೆಲ್ಲ ಕಣ್ಣೊರೆಸಿಕೊಂಡವನು.

"ತಪ್ಪಾಯಿತು ಮಹಾಬಲ" ಎಂದೆ. ತಲೆ ಎತ್ತಲಾಗಲಿಲ್ಲ.

ಅವನು ಕಡ್ಡಿಯಿಂದ ಗಂಧ ಕೆರೆಯುತ್ತ, "ಇಲ್ಲಿ ಹೇಳಿದ್ರೆ ಗುಡ್ಡೆಗೆ ಕೇಳ್ತದೆ ಭಟ್ರೇ, ಅಷ್ಟೇ. ಆ ಚಾದಂಗಡಿಯಲ್ಲಿ ನನ್ನ ಮಾವ ಕೂತಿದ್ರು" ಎಂದ.

"ಕಾರು ತಿರುಗಿಸು, ಕುಂಜತ್ತೂರಿಗೇ ಹೋಗುವ" ಎಂದೆ.

ಎಂಜಿನ್ ಈಗ ಎಲ್ಲಿಯೂ ನಿಲ್ಲಲಿಲ್ಲ. ಒಮ್ಮೆಯಾದರೂ ನಿಲ್ಲಬಾರದೇ ಎಂದು ದಾರಿಯುದ್ದಕ್ಕೂ ನನಗೆ ಆಸೆಯಾಗುತ್ತಿತ್ತು.