ಊಟವಾದ ಮೇಲೆ ಹೇಳುವ ಸುದ್ದಿ

ವಿಶಾಲಾಕ್ಷಿ ಸಾರಿನ ಬೋಗುಣಿ ಹಿಡಿದು ಬಾಗಿಲಿಗೆ ಬಂದಳೆಂದರೆ ಲಂಡನ್ನಿನ ರೇನರ್ಸ್ ಲೇನಿನ ಕನ್ನಡದವರ ಎದೆ ಧಸಕ್ಕೆನ್ನುತ್ತಿತ್ತು. ಊರಿನಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಧಾರವಾಡದಿಂದಲೋ ಮೈಸೂರಿನಿಂದಲೋ ಸಾವಿನ ಫೋನು ಮಾಡುವವರು ಮೊದಲು ಮಾಡುತ್ತಿದ್ದದ್ದು ಅವಳಿಗೇ. 'ನೀವೇ ಹೇಗಾದರೂ ಹೇಳಿಬಿಡಿ' ಎಂದು ಅವಳ ತಲೆಗೆ ಕಟ್ಟಿ ಫೋನು ಇಡುತ್ತಿದ್ದರು. ಅವಳು ಅನ್ನ ಸಾರು ಮಾಡಿಕೊಂಡು ಹೋಗಿ, ಅವರನ್ನು ಕೂರಿಸಿ, ಬಡಿಸಿ, ಕೈ ತೊಳೆದ ಮೇಲೆ ಸುದ್ದಿ ಹೇಳುತ್ತಿದ್ದಳು. "ಸತ್ತ ಸುದ್ದಿಗೆ ಏನ್ ಅವಸರ? ಹೋದವ್ರು ತಿರುಗಿ ಬರಂಗಿಲ್ಲ. ಇದ್ದವ್ರು ಮೊದಲ ನಾಕು ತುತ್ತು ಉಣ್ಣಲಿ," ಅನ್ನುವುದು ಅವಳ ವಾದ. ಉಣ್ಣುವವರಿಗೂ ಅಷ್ಟರಲ್ಲಿ ಗೊತ್ತಾಗಿರುತ್ತಿತ್ತು, ಆದರೂ ಗೊತ್ತಿಲ್ಲದವರಂತೆ ತಲೆ ಬಗ್ಗಿಸಿ ಉಣ್ಣುತ್ತಿದ್ದರು.

ಇದು ಅವಳ ಪದ್ಧತಿಯ ಅರ್ಧ ಮಾತ್ರ. ಕಾಯಿಲೆಯ ಸುದ್ದಿ ಬಂದರೆ ಅವಳು ಒಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಊರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾನೆಂದು, ಡ್ಯೂಟಿಯಲ್ಲಿದ್ದ ಡಾಕ್ಟರನ್ನು ವಾರ್ಡಿನಿಂದಲೇ ಎಳೆದು ತಂದು ಹೀಥ್ರೋ ವಿಮಾನನಿಲ್ದಾಣಕ್ಕೆ ಅಟ್ಟಿದ್ದೂ ಉಂಟು. ಆದರೆ ಜನ ನೋಡಿ, ಎದ್ದು ಕಾಣುವುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಅವರ ಪಾಲಿಗೆ ವಿಶಾಲಾಕ್ಷಿ ಅಂದರೆ ಸಾರಿನ ಬೋಗುಣಿ, ಅಷ್ಟೇ.

ಅವಳಿಗೆ ಒಂದೇ ಒಂದು ಹುಚ್ಚಿತ್ತು. ಡ್ಯಾನ್ಯೂಬ್ ನದಿಯ ಮೇಲೆ ಹಡಗಿನಲ್ಲಿ ಹೋಗಿ ಹಳೆಯ ಊರುಗಳನ್ನೆಲ್ಲ ನೋಡಬೇಕು ಅನ್ನುವುದು. ಗಂಡ ಡಾಕ್ಟರ್ ಶೇಖರಪ್ಪ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಮತ್ತಿನ ಮದ್ದು ಕೊಡುವವನು. ಮನೆಯಲ್ಲಿ ಹಡಗಿನ ಮಾತು ಬಂದಾಗಲೆಲ್ಲ ತಾನೇ ಮತ್ತು ಬಂದವನಂತೆ ಕಣ್ಣು ಮುಚ್ಚುತ್ತಿದ್ದ. ಅವನು ಒಪ್ಪಿದ ವರ್ಷ ಆಸ್ಪತ್ರೆಯವರು ರಜೆ ಕೊಡಲಿಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮರುವರ್ಷ ಅವನಿಗೇ ಬೈಪಾಸ್ ಆಯಿತು. ಕೊನೆಗೆ ಅವನು ನಿವೃತ್ತನಾದ ಮೇಲೆ, ಎರಡು ಸಾವಿರದ ಮೂರರ ಸೆಪ್ಟೆಂಬರಿನಲ್ಲಿ, ಇಬ್ಬರೂ ಹೊರಟರು. ಪಸಾವ್‌ನಲ್ಲಿ ಹಡಗು ಹತ್ತಿ, ವಿಯೆನ್ನಾ, ಬ್ರಾಟಿಸ್ಲಾವಾ ನೋಡಿಕೊಂಡು ಬುಡಾಪೆಸ್ಟಿನಲ್ಲಿ ಇಳಿಯುವುದು.

ಹೊರಡುವ ಮುಂಚೆ ಧಾರವಾಡದಲ್ಲಿ ತಮ್ಮ ಜಗದೇವಪ್ಪನ ಮನೆಯಲ್ಲಿದ್ದ ಅವ್ವನಿಗೆ ಫೋನು ಮಾಡಿದಳು. ಎಂಬತ್ತು ದಾಟಿದ ಅವ್ವ, "ಹೋಗಿ ಬಾ ಯವ್ವಾ. ಹೊಳಿ ನೀರಾಗ ಕೈ ಹಾಕಬ್ಯಾಡ, ಥಂಡಿ ಇರತೈತಿ," ಅಂದಳು. ದೀಪಾವಳಿಗೆ ಬರುತ್ತೇನೆಂದು ವಿಶಾಲಾಕ್ಷಿ ಮಾತು ಕೊಟ್ಟಳು. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಭಾರತದ ವೀಸಾ ಮುಗಿಯಲು ಅವಳು ಎಂದೂ ಬಿಟ್ಟವಳಲ್ಲ. ಅವ್ವನಿಗೆ ಹೆಚ್ಚುಕಡಿಮೆಯಾದರೆ ಎಲ್ಲಿದ್ದರೆ ಅಲ್ಲಿಂದಲೇ ವಿಮಾನ ಹತ್ತಬೇಕು ಅನ್ನುವ ಲೆಕ್ಕ ಅವಳದು.

ಹಡಗು ವಿಯೆನ್ನಾಕ್ಕೆ ಬಂದ ಸೋಮವಾರವೇ ಜಗದೇವಪ್ಪನ ಫೋನು ಬಂತು. ಎತ್ತಿಕೊಂಡವಳು ಮನೆಯಲ್ಲೇ ಉಳಿದಿದ್ದ ಮಗಳು ವಿಭಾ. ಹ್ಯಾರೋ ಕೌನ್ಸಿಲ್ಲಿನಲ್ಲಿ ಕೆಲಸ, ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಲ್ಲಿ ಮಾತ್ರ ಇಂಗ್ಲಿಷೇ ಬರುತ್ತಿತ್ತು.

"ನಿಮ್ಮಮ್ಮ ಎಲ್ಲಿ? ಅಜ್ಜಿಗೆ ಉಸಿರಾಟ ಭಾಳ ಆಗೇತಿ, ದವಾಖಾನ್ಯಾಗ ಹಾಕೇವಿ," ಅಂದ ಜಗದೇವಪ್ಪ. "ಮಾತಾಡ್ತಾಳ. ವಿಶಾಲಿ ಬಂದ್ಲೇನು, ವಿಶಾಲಿ ಬಂದ್ಲೇನು, ಅದ ಒಂದ ಮಾತು. ಡಾಕ್ಟ್ರು ಭರವಸೆ ಕೊಡವಲ್ರು. ಜಲ್ದಿ ಕಳಸು."

ವಿಭಾ ಫೋನು ಇಟ್ಟವಳೇ ಮುಂದಿನ ಬೀದಿಯಲ್ಲಿದ್ದ ಇಂದು ಆಂಟಿಯನ್ನು ಕರೆದಳು. ಇಂದು ಮೈಸೂರಿನವಳು, ವಿಶಾಲಾಕ್ಷಿಯ ಜೀವದ ಗೆಳತಿ, ಸಾರಿನ ಬೋಗುಣಿಯ ಹಿಂದೆ ಅನ್ನದ ಪಾತ್ರೆ ಹಿಡಿದು ಎಷ್ಟೋ ಮನೆಗೆ ಹೋದವಳು. ಕೆಟ್ಟ ಮನಸ್ಸಿನವಳಲ್ಲ. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತ ಕೆಟ್ಟವರ ಕೈಲಿ ಆಗುವುದೂ ಇಲ್ಲ.

"ಪುಟ್ಟಾ, ಈಗಲೇ ಹೇಳ್ಬೇಡ ಕಣೇ," ಅಂದಳು ಇಂದು. "ಎಷ್ಟು ವರ್ಷ ಕಾದು ಹೋಗಿದ್ದಾಳೆ ಗೊತ್ತಲ್ಲ. ವಯಸ್ಸಾದವರಿಗೆ ಇದೆಲ್ಲ ಬರುತ್ತೆ ಹೋಗುತ್ತೆ. ಶನಿವಾರ ಹೇಗೂ ಬಂದೇ ಬರ್ತಾಳೆ. ಸುದ್ದಿಗೆ ಅವಸರ ಇಲ್ಲ ಅಂತ ನಿಮ್ಮಮ್ಮನೇ ಹೇಳಲ್ವಾ?"

"ಬಟ್ ಆಂಟಿ, ಅಜ್ಜಿ ಈಸ್ ನಾಟ್ ಡೆಡ್."

"ಥೂ, ಅಪಶಕುನ ನುಡೀಬೇಡ. ಬಿಡ್ತು ಅನ್ನು."

"ಬಿಡ್ತು," ಅಂದಳು ವಿಭಾ. ಇಡೀ ವಾರದಲ್ಲಿ ಆ ಮನೆಯಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅಂದರೆ ಅಜ್ಜಿ ಸತ್ತಿಲ್ಲ ಅನ್ನುವುದೊಂದೇ. ಅದನ್ನೂ ಅವಳ ಬಾಯಿಂದಲೇ ವಾಪಸು ನುಂಗಿಸಿದ್ದಾಯಿತು.

ಸಂಜೆ ವಿಯೆನ್ನಾದ ಫೋನ್ ಬೂತಿನಿಂದ ವಿಶಾಲಾಕ್ಷಿಯ ದನಿ ಬಂತು. "ವಿಭಾ, ಎಂಥಾ ಅರಮನಿ ಅಂತೀ! ನಿಮ್ಮ ಇಂದು ಆಂಟಿಗೆ ಹೇಳು, ಮೈಸೂರಿನವರು ಇನ್ನ ಮ್ಯಾಲ ಸುಮ್ಮನ ಎದಿ ಉಬ್ಬಿಸಬಾರದು. ನಿಮ್ಮಪ್ಪ ಕಾಲು ನೋವು ಅಂತ ಬೆಂಚಿನ ಮ್ಯಾಲ ಕುಂತಾರ, ಐಸ್‌ಕ್ರೀಮಿಗೆ ಮಾತ್ರ ಓಡ್ತಾರ." ಅವಳು ಹಾಗೆ ನಕ್ಕಿದ್ದನ್ನು ವಿಭಾ ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಕೊನೆಯಲ್ಲಿ ಅಮ್ಮ ಕೇಳಿದಳು, "ಮಾಮಾ ಫೋನ್ ಮಾಡಿದ್ದನೇನು? ಅವ್ವ ಹೆಂಗದಾಳ?"

"ಶೀ ಈಸ್ ಫೈನ್, ಮಮ್ಮಿ."

ಮಂಗಳವಾರ ಜಗದೇವಪ್ಪ ಮತ್ತೆ ಫೋನು ಮಾಡಿದ. "ಹೊರಟಳೇನು?" ಎಂದು ಕೂಗಿದ. ಹಿಂದೆ ಆಸ್ಪತ್ರೆಯ ಗಲಾಟೆ ಕೇಳುತ್ತಿತ್ತು. ವಿಭಾ ಇಂದುವಿನ ಮುಖ ನೋಡಿದಳು. ಹೌದೆನ್ನು ಎಂಬಂತೆ ಇಂದು ತಲೆಯಾಡಿಸಿದಳು.

"ಹೊರಟಿದಾರೆ ಮಾಮಾ," ಅಂದಳು ವಿಭಾ. ಅಪರೂಪಕ್ಕೆ ಅವಳ ಬಾಯಲ್ಲಿ ತಪ್ಪಿಲ್ಲದ ಕನ್ನಡ ಬಂದಿತ್ತು.

"ಹೌದಾ? ಅವ್ವಗ ಹೇಳ್ತೀನಿ, ತಡಿ," ಎಂದು ಅವನು ಫೋನು ಇಟ್ಟ.

ಬುಧವಾರ ಹಡಗು ಬ್ರಾಟಿಸ್ಲಾವಾದಲ್ಲಿತ್ತು. ಆಫೀಸಿನಿಂದ ಬಂದ ವಿಭಾಳಿಗೆ ತಡೆಯಲಾಗಲಿಲ್ಲ. ಅಮ್ಮ ಬರೆದಿಟ್ಟು ಹೋದ ಹಡಗಿನ ನಂಬರು ಒತ್ತಿದಳು. ಆ ಕಡೆ ಒಬ್ಬ ಹೆಂಗಸು ನಯವಾಗಿ, ಯಾವ ಕ್ಯಾಬಿನ್ನಿಗೆ ಕೊಡಲಿ ಎಂದು ಕೇಳಿದಳು. ಮೂರು ದಿನ ಯಾಕೆ ಹೇಳಲಿಲ್ಲ ಎಂದು ಅಮ್ಮ ಕೇಳಿದರೆ ಏನು ಹೇಳುವುದು? ತಡವಾಗಿ ಹೇಳುವುದು ಹೇಳದೇ ಇರುವುದಕ್ಕಿಂತ ಕಷ್ಟ ಅನ್ನಿಸಿತು. ವಿಭಾ ಫೋನು ಇಟ್ಟುಬಿಟ್ಟಳು. ಗುರುವಾರ, ಹಡಗು ಬುಡಾಪೆಸ್ಟ್ ಮುಟ್ಟಿದ ದಿನ, ಧಾರವಾಡದಲ್ಲಿ ಅವ್ವ ತೀರಿಕೊಂಡಳು. ಸುದ್ದಿ ಮನೆಗೆ ಬಂತು, ಹಡಗಿಗೆ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಮನೆಗೆ ಬಂದಾಗ ಟೇಬಲ್ಲಿನ ಮೇಲೆ ತಟ್ಟೆ ಹಾಕಿತ್ತು. ಇಂದು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. "ಬಾ ವಿಶಾಲೂ, ಮೊದಲು ಊಟ," ಅಂದಳು. ಶೇಖರಪ್ಪ ಕೈ ತೊಳೆದು ಬಂದು ಕೂತು, ವಾರವಿಡೀ ಹಡಗಿನಲ್ಲಿ ಬೇಯಿಸಿದ ಆಲೂಗಡ್ಡೆ ತಿಂದು ನಾಲಿಗೆ ಸತ್ತುಹೋಗಿದೆ, ಉಪ್ಪಿನಕಾಯಿ ಎಲ್ಲಿ ಎಂದು ಕೇಳಿದ. ವಿಶಾಲಾಕ್ಷಿ ಕೋಟು ಬಿಚ್ಚಲಿಲ್ಲ. ಸಾರಿನ ಪಾತ್ರೆ ನೋಡಿದಳು, ಇಂದುವನ್ನು ನೋಡಿದಳು, ಬಾಗಿಲ ಹತ್ತಿರ ನಿಂತ ಮಗಳನ್ನು ನೋಡಿದಳು. ಆಮೇಲೆ ಕೂತಳು. ಅನ್ನ ಕಲಸಿ ಉಂಡಳು. ಇಂದು ಎರಡನೇ ಸಲ ಬಡಿಸಿದಾಗ ಬೇಡ ಅನ್ನಲಿಲ್ಲ. ಇಷ್ಟು ವರ್ಷ ಬೇರೆಯವರಿಂದ ಮಾಡಿಸಿದ್ದನ್ನು ತಾನು ಮಾಡದೆ ಇರುವ ಹೆಂಗಸಲ್ಲ ಅವಳು.

ಕೈ ತೊಳೆದು ಬಂದು, "ಅವ್ವ ಹೋದಳು, ಹೌದಿಲ್ಲೋ?" ಅಂದಳು.

ಇಂದು ಅಳತೊಡಗಿದಳು. ಗುರುವಾರ ಅಂದಳು.

"ಗುರುವಾರ. ಸರಿ. ಮಲಗಿದ್ದು ಯಾವಾಗಿಂದ?"

ಇಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೊನೆಗೆ ವಿಭಾ ಹೇಳಿದಳು, "ಮಂಡೇ."

ವಿಶಾಲಾಕ್ಷಿ ಮಗಳ ಕಡೆ ತಿರುಗಿದಳು. "ಅವ್ವ ಮಾತಾಡ್ತಿದ್ಲೇನು?" ಅಂದಳು. ವಿಭಾ ಹೌದೆಂದು ತಲೆಯಾಡಿಸಿದಳು.

"ನೀನೇ ಹೇಳ್ತಿದ್ಯಲ್ಲ ವಿಶಾಲೂ, ಅವಸರ ಇಲ್ಲ ಅಂತ," ಅಂದಳು ಇಂದು, ಬಿಕ್ಕುತ್ತ.

"ಸತ್ತ ಮ್ಯಾಲ!" ವಿಶಾಲಾಕ್ಷಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. "ಸತ್ತ ಮ್ಯಾಲ ಅವಸರ ಇಲ್ಲಂದೆ, ಇಂದೂ. ಸಾಯೋಕಿಂತ ಮೊದಲ ಅನ್ನಲಿಲ್ಲ. ಇಷ್ಟು ವರ್ಷ ನನ್ನ ಹಿಂದ ಅಡ್ಡಾಡಿ ಇಷ್ಟ ತಿಳಕೊಂಡೀಯೇನ? ನನ್ನ ಅವ್ವ ಉಸಿರು ಹಿಡಕೊಂಡು ಮಲಗಿದ್ದಾಗ ನಾ ದೋಣ್ಯಾಗ ಕುಂತು ಕ್ವಾಟಿ ಅರಮನಿ ನೋಡಾಕತ್ತಿದ್ದೆ." ಇಂದು ಕ್ಷಮೆ ಕೇಳಿದಳು, ಕಾಲು ಹಿಡಿಯಲು ಬಂದಳು. ವಿಶಾಲಾಕ್ಷಿ ಕಾಲು ಹಿಂದಕ್ಕೆ ಎಳೆದುಕೊಂಡು ನಡುಮನೆಗೆ ಹೋಗಿ ಧಾರವಾಡಕ್ಕೆ ಫೋನು ಹಚ್ಚಿದಳು. ವಿಭಾ ಹಿಂದೆಯೇ ಹೋದಳು.

ಜಗದೇವಪ್ಪನ ದನಿ ಆ ಕೋಣೆಗೆಲ್ಲ ಕೇಳಿಸುವಷ್ಟಿತ್ತು.

"ಈಗ ನೆನಪಾತೇನು? ಹೊರಟಾಳ ಅಂತ ನಿನ್ನ ಮಗಳು ಹೇಳಿದ್ಲು. ಅವ್ವಗ ಹೇಳಿದೆ. ಅಷ್ಟೊತ್ತೂ ಒದ್ದಾಡಾಕತ್ತಿದ್ದಾಕಿ ಸುಮ್ಮನಾದ್ಲು. ವಿಶಾಲಿ ಮುಂಬೈ ಮುಟ್ಟಿದಳೇನು, ಹುಬ್ಬಳ್ಳಿಗೆ ಬಂದಳೇನು ಅಂತ ಕೇಳಿಕೋತ ಎರಡು ದಿನ ಬಾಗಿಲಾ ನೋಡಿದ್ಲು. ಹೋದ ಮ್ಯಾಲೂ ಅವ್ವನ್ನ ಕೂಡಿಸಿ, ವಿಭೂತಿ ಹಚ್ಚಿ, ನಿನ್ನ ದಾರಿ ಕಾದ್ವಿ. ಮಣ್ಣಿಗೆ ಬಂದ ಮಂದಿ ನನ್ನ ಮುಖ ನೋಡಾಕತ್ತಿದ್ರು. ಎಲ್ಲಿದ್ದಿ ನೀನು?"

ಹೊರಟಿದ್ದಾಳೆ ಅನ್ನುವ ಮಾತು ಅವಳಿಗೆ ಹೊಸದು. ತಿರುಗಿ ವಿಭಾಳನ್ನು ನೋಡಿದಳು. ವಿಭಾ ಗೋಡೆಗೆ ಆತುಕೊಂಡು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಕಡೆ ತಮ್ಮ, "ಯಾಕ ಸುಮ್ಮನಾದಿ? ನಿನ್ನ ಮಗಳು ಸುಳ್ಳು ಹೇಳಿದ್ಲೇನು?" ಎಂದು ಕೇಳುತ್ತಿದ್ದ.

"ಅಕಿದೇನು ತಪ್ಪಿಲ್ಲ ಜಗ್ಗೂ," ಅಂದಳು ವಿಶಾಲಾಕ್ಷಿ. "ಅಕಿ ನನಗ ಸೋಮವಾರನ ಹೇಳಿದ್ಲು. ಹೊರಟಾಳ ಅಂತ ಹೇಳು ಅಂದಾಕಿ ನಾನ. ಹಡಗ ಬಿಟ್ಟು ಬರಾಕ ಮನಸ್ಸಾಗಲಿಲ್ಲ."

"ಚಲೋ ಆತು. ಪೂರಾ ನೋಡಿ ಬಂದೆಲ್ಲ," ಎಂದು ಜಗದೇವಪ್ಪ ಫೋನು ಇಟ್ಟ.

ವಿಭಾ ಓಡಿ ಬಂದು ಅವಳ ತೋಳು ಹಿಡಿದಳು. "ವೈ, ಮಮ್ಮಿ? ವೈ ಡಿಡ್ ಯು ಸೇ ದಟ್?"

"ನನಗಂತೂ ಅವ್ವ ಹೋದ್ಲು," ಅಂದಳು ವಿಶಾಲಾಕ್ಷಿ. "ನಾಳೆ ನಿನ್ನ ಲಗ್ನದಾಗ ನಿಲ್ಲಾಕ ಒಬ್ಬ ಸೋದರಮಾವ ಬೇಕಲ್ಲ ನಿನಗ. ಇರೋನು ಅವನೊಬ್ಬನ." ಅಷ್ಟು ಹೇಳಿ ಕೋಟಿನಲ್ಲೇ ಸೋಫಾದ ಮೇಲೆ ಕೂತು, ಕಟ್ಟೆಯೊಡೆದಂತೆ ಅಳತೊಡಗಿದಳು.

ಎರಡು ವರ್ಷದ ಮೇಲೆ ವೆಂಬ್ಲಿಯ ಸಭಾಂಗಣವೊಂದರಲ್ಲಿ ವಿಭಾಳ ಮದುವೆಯಾಯಿತು. ಜಗದೇವಪ್ಪನಿಗೆ ಶೇಖರಪ್ಪ ಟಿಕೆಟ್ ಸಮೇತ ಕರೆಯೋಲೆ ಕಳಿಸಿದ್ದ. ಸ್ವತಃ ವಿಭಾ ಫೋನು ಮಾಡಿ, ಮಾಮಾ, ತಪ್ಪು ನನ್ನದು, ಅಮ್ಮನಿಗೆ ಗೊತ್ತೇ ಇರಲಿಲ್ಲ ಎಂದು ಮುರುಕು ಕನ್ನಡದಲ್ಲಿ ಹೇಳಿದಳು. ಹೀಗೆ ಹೇಳಲಿಕ್ಕೂ ನಿಮ್ಮಮ್ಮನೇ ಕಲಿಸಿದಳೇನು ಎಂದು ಕೇಳಿ ಅವನು ಫೋನು ಇಟ್ಟ. ಮದುವೆಗೆ ಬರಲಿಲ್ಲ.