ಒಣಮೀನಿನ ಕೋಣೆಯಲ್ಲಿ ಬಿಟ್‌ಕಾಯಿನ್ ಗಣಿ

ಬಿಟ್‌ಕಾಯಿನ್ ಗಣಿಯನ್ನು ಜನ ದುಡ್ಡಿನ ಆಸೆಗೆ ಶುರು ಮಾಡುತ್ತಾರೆ. ನಾನು ಶುರು ಮಾಡಿದ್ದು ಜಿತೇಂದ್ರನ ಕಣ್ಣಲ್ಲಿ ನೀರು ತರಿಸಲಿಕ್ಕೆ. ಭೂಮಂಡಲದಲ್ಲಿ ಬರೀ ಸೇಡಿಗಾಗಿ ತೆರೆದ ಗಣಿ ಒಂದೇ ಒಂದು, ಅದು ಕಾಪುವಿನ ನಮ್ಮ ಮನೆಯ ಕಡಲ ಕಡೆಯ ಪಡುಕೋಣೆಯಲ್ಲಿದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಗೆ ಏಡಿ ಕಚ್ಚಲಿ.

ನಾನು ರೂಪೇಶ, ಐಸ್ ಪ್ಲಾಂಟಿನ ಮೆಕ್ಯಾನಿಕ್. ಮಲ್ಪೆಯಿಂದ ಹೆಜಮಾಡಿಯವರೆಗೆ ನಾನು ಕಿವಿಯಿಟ್ಟು ಕೇಳದ ಕಂಪ್ರೆಸರ್ ಇಲ್ಲ. ನಾನು ಒಮ್ಮೆ ಗದರಿದರೆ ಸಾಕು, ನೀರು ಹೆದರಿ ತಾನಾಗಿ ಗಡ್ಡೆ ಕಟ್ಟುತ್ತದೆ. ಇಂಥ ನನ್ನನ್ನು ಎದುರು ಹಾಕಿಕೊಂಡವನು ಹೊರಗಿನವನಲ್ಲ, ಚಿಕ್ಕಮ್ಮನ ಮಗ ಜಿತೇಂದ್ರ. ಚಿಕ್ಕಮ್ಮ ಬೇಗ ತೀರಿಕೊಂಡದ್ದರಿಂದ ಅವನು ಬೆಳೆದದ್ದು ನಮ್ಮಲ್ಲೇ, ನನ್ನ ಅಮ್ಮ ಸ್ವರ್ಣಲತಾ ಬಡಿಸಿದ ಗಂಜಿ ಮತ್ತು ಒಣಸಿಗಡಿ ಚಟ್ನಿಯಲ್ಲಿ. ಕಡಿಮೆಯೆಂದರೂ ಎರಡು ದೋಣಿ ಸಿಗಡಿ ಅವನ ಹೊಟ್ಟೆಯೊಳಗೆ ಕರಗಿದೆ.

ಮಣಿಪಾಲದ ಹೋಟೆಲೊಂದರಲ್ಲಿ ಹನ್ನೆರಡು ವರ್ಷ ದುಡಿದು, ಬಂದವರನ್ನೆಲ್ಲ 'ಗೆಸ್ಟ್' ಎನ್ನಲು ಕಲಿತು, ಅವನು ಊರಿಗೆ ಮರಳಿದ. ನಮ್ಮ ಮನೆಯ ಪಡುದಿಕ್ಕಿಗೆ, ಕಡಲಿಗೂ ನಮಗೂ ನಡುವೆ, ಚಿಕ್ಕಮ್ಮನ ಪಾಲಿನ ಜಾಗದಲ್ಲಿ ಹೋಮ್‌ಸ್ಟೇ ಕಟ್ಟಿದ. ಬೋರ್ಡಿನಲ್ಲಿ ದೊಡ್ಡದಾಗಿ 'ಶುದ್ಧ ಗಾಳಿ' ಎಂದು ಬರೆಸಿದ. ಗಾಳಿಯೇನು ಅವನ ಅಪ್ಪ ನೆಟ್ಟ ತೆಂಗಿನಮರವೇ? ಇರಲಿ, ಅದನ್ನೂ ಸಹಿಸಿದೆ. ಆದರೆ ಮಾರ್ಚ್ ಕೊನೆಗೆ ಪುರಸಭೆಯಿಂದ ಅಮ್ಮನ ಹೆಸರಿಗೆ ನೋಟಿಸು ಬಂತು. ಅಂಗಳದಲ್ಲಾಗಲಿ ಎದುರಿನ ಹೊಯಿಗೆ ಮರಳಲ್ಲಾಗಲಿ ಮೀನು ಒಣಗಿಸಬಾರದು, ದುರ್ವಾಸನೆಯ ಬಗ್ಗೆ ದೂರು ಬಂದಿದೆ ಎಂದು. ದೂರು ಕೊಟ್ಟವನ ಹೆಸರು ಕೆಳಗೇ ಇತ್ತು.

ಕಾಗದ ಹಿಡಿದುಕೊಂಡೇ ಅವನಲ್ಲಿಗೆ ಹೋದೆ.

"ಎಂತದಾ ಜಿತ್ತು ಇದು?"

"ನಾನೆಂತ ಮಾಡ್ಲಿ ರೂಪೇಶಣ್ಣ? ಗೆಸ್ಟ್‌ಗಳು ಮೂಗು ಮುಚ್ತಾರೆ. ವಾಸನೆ ಅಲ್ವಾ?"

"ಆ ವಾಸನೆ ತಿಂದೇ ಅಲ್ವಾ ನೀನು ಇಷ್ಟುದ್ದ ಆದದ್ದು?"

"ಅದು ಆಗ. ಈಗ ದೊಡ್ಡಮ್ಮನಿಗೂ ಪ್ರಾಯ ಆಯ್ತು. ಮನೆಯಲ್ಲಿ ಆರಾಮ ಕೂತ್ಕೊಳ್ಳಲಿ."

ಅಮ್ಮ ಆರಾಮ ಕೂರುವುದೆಂದರೆ ಏನು ಎಂಬುದು ಅವನಿಗೆ ಗೊತ್ತಿತ್ತು. ಮೂವತ್ತೆರಡು ವರ್ಷಗಳಿಂದ ಕಾರ್ಕಳದ ವಾರದ ಸಂತೆಯಲ್ಲಿ ಅಮ್ಮನಿಗೆ ಒಂದು ಜಾಗವಿದೆ. ಎರಡು ಗೋಣಿ ಹಾಸುವಷ್ಟು ನೆಲ. ಅದಕ್ಕೆ ಕಾಗದಪತ್ರವಿಲ್ಲ. ಪ್ರತಿ ವಾರ ಬಂದು ಕೂತರೆ ಅದು ನಿಮ್ಮದು, ಒಂದು ತಿಂಗಳು ಖಾಲಿ ಬಿಟ್ಟರೆ ಯಾರು ಕೂತರೋ ಅವರದ್ದು. ಅಲ್ಲಿ ಅವಳು ಯಾರ ಅಮ್ಮನೂ ಅಲ್ಲ, ಯಾರ ಹೆಂಡತಿಯೂ ಅಲ್ಲ, 'ಕಾಪುವಿನ ಸ್ವರ್ಣಕ್ಕ'. ಅಷ್ಟು ನೆಲ ಹೋದರೆ ಅಮ್ಮನ ಪಾಲಿಗೆ ಉಳಿಯುವುದು ಟಿವಿ ಮತ್ತು ಬಿಪಿ ಮಾತ್ರೆ.

ನನಗೆ ಸಿಟ್ಟು ಬಂದದ್ದು ಹೇಗೆಂದರೆ, ಆ ದಿನ ಐಸ್ ಪ್ಲಾಂಟಿನಲ್ಲಿ ನಾನು ಮುಟ್ಟಿದ ಗಡ್ಡೆಯೆಲ್ಲ ನೀರಾಯಿತು.

ಆ ವಾರವೇ ಬೇರೇನೋ ಕೆಲಸಕ್ಕೆ ಮಣಿಪಾಲದ ಆಸ್ಟಿನ್‌ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿದ್ದೆ. ಆಸ್ಟಿನ್ ಕಲ್ಯಾಣಪುರದವನು, ಒಳ್ಳೆಯ ಹುಡುಗ. ಒಳಗಿನ ಕೋಣೆಯಿಂದ ಒಂದು ಆರ್ಭಟ ಕೇಳಿತು. ಬಜ್ಪೆಯ ವಿಮಾನ ದಾರಿ ತಪ್ಪಿ ಅಂಗಡಿಯೊಳಗೆ ಇಳಿಯಿತೇನೋ ಎಂದುಕೊಂಡೆ. ನೋಡಿದರೆ, ಚಪ್ಪಲಿ ಡಬ್ಬಕ್ಕಿಂತ ತುಸು ದೊಡ್ಡ ಕಬ್ಬಿಣದ ಪೆಟ್ಟಿಗೆ. ಮುಂದೆ ಎರಡು ಫ್ಯಾನು, ಹಿಂದೆ ಎರಡು.

"ಎಂತ ಇದು?" ಎಂದು ಕಿರುಚಿದೆ.

"ಬಿಟ್‌ಕಾಯಿನ್ ಮೈನಿಂಗ್ ಮೆಷಿನ್ ರೂಪೇಶಣ್ಣ. ಸೆಕೆಂಡ್ ಹ್ಯಾಂಡ್. ಯಾರಿಗೂ ಬೇಡ. ಕರೆಂಟು ಕುಡೀತದೆ, ಬೆಂಕಿ ಹಾಗೆ ಬಿಸಿಗಾಳಿ ಬಿಡ್ತದೆ, ಶಬ್ದಕ್ಕೆ ಅಕ್ಕಪಕ್ಕದವರು ಮನೆ ಬಿಟ್ಟು ಓಡ್ತಾರೆ."

"ಅಕ್ಕಪಕ್ಕದವರು ಓಡ್ತಾರಾ? ಖಂಡಿತಾ?"

"ಖಂಡಿತಾ."

"ಪ್ಯಾಕ್ ಮಾಡು."

ಆಸ್ಟಿನ್ ಮನೆಗೇ ಬಂದು ಎಲ್ಲ ಜೋಡಿಸಿಕೊಟ್ಟ. ಐಸ್ ಪುಡಿ ಮಾಡುವ ಯಂತ್ರಕ್ಕೆಂದು ಅಪ್ಪ ಹಾಕಿಸಿದ್ದ ತ್ರೀ ಫೇಸ್ ಲೈನು ಪಡುಕೋಣೆಯಲ್ಲೇ ಇತ್ತು. ದಪ್ಪ ವಯರು, ಬೇರೆ ಬ್ರೇಕರ್, ಇಂಟರ್ನೆಟ್ಟಿಗೊಂದು ಕೇಬಲ್. ಫೋನಿನಲ್ಲಿ ಒಂದು ವಾಲೆಟ್ ತೆರೆದು, ಅದರ ಗುಟ್ಟಿನ ಪದಗಳನ್ನು ಕಾಗದದಲ್ಲಿ ಬರೆಸಿ, "ಇದು ಹೋದ್ರೆ ಎಲ್ಲ ಹೋಯ್ತು, ಫೋಟೋ ಕೂಡ ತೆಗೀಬೇಡಿ" ಎಂದ. ಆಮೇಲೆ ಪೂಲ್ ಎಂಬುದಕ್ಕೆ ಸೇರಿಸಿದ. ಅದು ನನಗೆ ಅವನು ಬಾಯಿ ತೆರೆಯುವ ಮೊದಲೇ ಅರ್ಥವಾಯಿತು. ನಮ್ಮ ಕೈರಂಪಣಿಯ ಹಾಗೆ. ಒಬ್ಬನೇ ಬಲೆ ಎಳೆದರೆ ಬರುವುದು ಪಾಚಿ. ಐವತ್ತು ಜನ ದಡದಲ್ಲಿ ನಿಂತು ಎಳೆದರೆ ಮೀನು, ಎಳೆದಷ್ಟು ಪಾಲು. ಇಲ್ಲಿ ಬಲೆಯ ಬದಲು ಯಂತ್ರ ಬಿಡಿಸುವ ಲೆಕ್ಕ, ಎಳೆಯುವವರು ಲೋಕದ ತುಂಬ ಇದ್ದಾರೆ, ಅಷ್ಟೇ. ಇಡೀ ವಿದ್ಯೆಯನ್ನು ನಾನು ಒಂದು ಚಹಾ ಆರುವುದರೊಳಗೆ ಕಲಿತೆ.

"ಲಾಭ ಬರುವುದು ಕಷ್ಟ ರೂಪೇಶಣ್ಣ, ಮೊದಲೇ ಹೇಳ್ತೇನೆ" ಎಂದ ಆಸ್ಟಿನ್.

"ನನಗೆ ಬೇಕಾದ ಲಾಭ ಗೋಡೆಯ ಆಚೆ ಉಂಟು" ಎಂದೆ.

ಇಲ್ಲಿ ನನ್ನಂಥ ಮಹಾಬುದ್ಧಿವಂತ ಕೂಡ ಒಂದು ತಪ್ಪು ಮಾಡಿದ. ಕಡಲ ತಡಿಯಲ್ಲಿ ಹುಟ್ಟಿದವರಿಗೆ ಸೆಕೆಯಾದರೆ ಗೊತ್ತಿರುವುದು ಒಂದೇ ಮದ್ದು, ಪಡುಗಿಟಕಿ ತೆರೆಯುವುದು. ಯಂತ್ರಕ್ಕೂ ಸೆಕೆ ತಾನೇ? ಪಡುಗಿಟಕಿಗೆ ಅದರ ಮೂತಿ ತಾಗಿಸಿ ಇಟ್ಟೆ. ಪುಕ್ಕಟೆ ಕಡಲಗಾಳಿ ಒಳಗೆ, ಆರ್ಭಟ ಹೊರಗೆ. ಆಸ್ಟಿನ್ ಏನೋ ಹೇಳಲು ಬಾಯಿ ತೆರೆದ. ಫ್ಯಾನಿನ ಶಬ್ದದಲ್ಲಿ ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಜಾಯಮಾನವೂ ನನ್ನದಲ್ಲ.

ಮೊದಲ ದಿನದ ಫಲವೇ ಅಮೋಘ. ಜಿತೇಂದ್ರನ ತಾರಸಿಯಲ್ಲಿ ತಿಂಡಿ ತಿನ್ನುತ್ತಿದ್ದ ಗೆಸ್ಟ್‌ಗಳು ಕೈಸನ್ನೆಯಲ್ಲಿ ಚಟ್ನಿ ಕೇಳುತ್ತಿದ್ದರು. ಒಬ್ಬರು ಸಾಂಬಾರು ಕೇಳಿದ್ದಕ್ಕೆ ಇವನು ಟವೆಲು ತಂದುಕೊಟ್ಟ. ಲೈಟ್‌ಹೌಸಿನ ಮೇಲೆ ಕೂತಿದ್ದ ಕಾಗೆಗಳು ಉದ್ಯಾವರದ ಕಡೆಗೆ ಗುಳೆ ಹೋದವು. ಮೂರನೆಯ ದಿನ ಜಿತೇಂದ್ರ ಬೇಲಿಯಾಚೆಯಿಂದ ಬೊಬ್ಬೆ ಹಾಕಿದ.

"ರೂಪೇಶಣ್ಣ! ಎಂತ ಶಬ್ದ ಅದು?"

"ಗಣಿಗಾರಿಕೆ!"

"ಎಂತ?"

"ನಿನ್ನ ಬೋರ್ಡಿಗೆ ಮೂಗು ಮಾತ್ರ ಉಂಟಲ್ವಾ ಮಾರಾಯ, ಕಿವಿ ಇಲ್ಲ!"

ನಲವತ್ತು ದಿನ ಅವನನ್ನು ಹೀಗೆ ಅರೆದೆ. ನಲವತ್ತೊಂದನೆಯ ದಿನ ಯಂತ್ರ ಕೆಮ್ಮಿತು, ಕೀರಲಿತು, ಸುಮ್ಮನಾಯಿತು. ಆಸ್ಟಿನ್ ಬಂದು ಬಿಚ್ಚಿದ. ಒಳಗಿನ ಮೂರು ಬೋರ್ಡುಗಳ ಮೇಲೂ ಹಸಿರು ಬೂಷ್ಟು, ಬಿಳಿ ಹರಳು.

"ಇದು ಬೋರ್ಡ್ ಅಲ್ಲ ರೂಪೇಶಣ್ಣ, ಉಪ್ಪಿನಕಾಯಿ" ಎಂದ.

ಗೋಡೆಯಾಚೆ ಜಿತೇಂದ್ರ ಹಾಡು ಗುನುಗುವುದು ಕೇಳಿಸಿತು. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಸಂಗೀತ ಕೇಳಿಲ್ಲ. ಅದೇ ವಾರ ಅಮ್ಮನ ಹಳೆಯ ದಾಸ್ತಾನು ಮುಗಿಯಿತು. ಮಾರಲು ಒಂದು ಬಾಲವೂ ಇಲ್ಲದೆ ಅಮ್ಮ ಎರಡು ವಾರ ಸಂತೆ ತಪ್ಪಿಸಿದಳು. ಅಮ್ಮನ ಪಕ್ಕದಲ್ಲಿ ಒಣಮೆಣಸು ಮಾರುವ ಅಪೊಲೋನಿಯಾ ಬಾಯಿ ಆ ಜಾಗದ ಮೇಲೆ ಅರ್ಧ ಗೋಣಿ ಚಾಚಿದ್ದಾಳೆಂದು ಕಾರ್ಕಳದಿಂದ ಫೋನು ಬಂತು. ಅಮ್ಮ ಫೋನಿಟ್ಟು, ನೇರವಾಗಿ ಪಡುಕೋಣೆಗೆ ಬಂದು, ಬಿಚ್ಚಿಟ್ಟ ಬೋರ್ಡಿನ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿದಳು.

"ಪಡುಗಾಳಿ ಕುಡಿಸಿದ್ದೀಯಾ ಇದಕ್ಕೆ?"

"ತಂಪು ಅಲ್ವಾ ಅಮ್ಮ."

"ತಂಪು ಹೌದು, ಒಣ ಅಲ್ಲ. ಪಡುಗಾಳಿಗೆ ಹಾಕಿದ ಮೀನು ಎಂದಾದ್ರೂ ಒಣಗಿದ್ದುಂಟಾ? ಬೆವರ್ತದೆ, ಉಪ್ಪು ಎಳೀತದೆ, ಕೊಳೀತದೆ. ಒಣಗಿಸುವುದು ಮೂಡುಗಾಳಿ. ಮೀನಿಗೆ ಗೊತ್ತುಂಟು, ನಿನ್ನ ಕಂಪ್ಯೂಟರಿಗೆ ಗೊತ್ತಿಲ್ವಾ?"

ಬೋರ್ಡು ಬದುಕೀತೇ ಎಂದು ಮತ್ತೆ ನೋಡಲು ಬಂದಿದ್ದ ಆಸ್ಟಿನ್ ಎದ್ದು ನಿಂತ. "ಅಮ್ಮ, ನಾನು ಆ ದಿನ ಹೇಳಲಿಕ್ಕೆ ಹೊರಟದ್ದು ಇದೇ."

"ಇದರ ಬಿಸಿಗಾಳಿ ಎಷ್ಟು ಬಿಸಿ ಇರ್ತದೆ?" ಅಮ್ಮ ಅವನನ್ನು ಕೇಳಿದಳು.

"ಐವತ್ತು ಡಿಗ್ರಿ ಮೇಲೆಯೇ ಅಮ್ಮ. ಹಗಲೂ ರಾತ್ರಿ, ಒಂದೇ ಸಮ."

"ಮೇ ತಿಂಗಳ ಬಿಸಿಲು" ಎಂದಳು ಅಮ್ಮ. ನೋಟಿಸು ಬಂದ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅಂದೇ. ಒಳ್ಳೆಯ ನಗುವಲ್ಲ. ಬಲೆಗೆ ಬಿದ್ದ ಮೀನನ್ನು ನೋಡುವ ನಗು.

ಆಸ್ಟಿನ್ ಸ್ಪಿರಿಟ್ ಹಾಕಿ ಉಜ್ಜಿ ಮೂರರಲ್ಲಿ ಎರಡು ಬೋರ್ಡುಗಳನ್ನು ಬದುಕಿಸಿದ. ಸ್ಪಿರಿಟ್ ಬಾಟಲಿ ಹಿಡಿದುಕೊಂಡದ್ದು ನಾನೇ, ಆದ್ದರಿಂದ ಮುಕ್ಕಾಲು ಕೀರ್ತಿ ನನ್ನದು. ಅಮ್ಮ ನಿಂತು ದಿಕ್ಕು ಹೇಳಿದಳು. ಯಂತ್ರ ಮೂಡುಬಾಗಿಲಿನ ಕಡೆಯಿಂದ ಉಸಿರೆಳೆಯಬೇಕು, ಪಡುಗಿಟಕಿಯ ಕಡೆಗೆ ಬಿಡಬೇಕು. ನಡುವೆ ಹಗ್ಗ ಕಟ್ಟಿ, ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಉಪ್ಪು ಹಚ್ಚಿದ ಬಂಗುಡೆ, ಚಪ್ಪಟೆ ನಂಗು ಮೀನು, ಸಿಗಡಿ. ಅಂಗಳವೂ ಅಲ್ಲ, ಹೊಯಿಗೆಯೂ ಅಲ್ಲ, ನಮ್ಮ ಮನೆಯೊಳಗೆ, ನಮ್ಮ ಮಾಡಿನ ಕೆಳಗೆ.

ಸ್ವಿಚ್ಚು ಹಾಕಿದೆ.

ಅಯ್ಯೋ, ಆ ದಿನವನ್ನು ಹೇಗೆ ಹೇಳಲಿ! ಅಂಗಳದಲ್ಲಿ ಒಣಗುವ ಮೀನಿನ ವಾಸನೆ ಆಕಾಶಕ್ಕೂ ಅಷ್ಟಿಷ್ಟು ಹಂಚಿಹೋಗುತ್ತದೆ. ಇದು ಹಾಗಲ್ಲ. ನೂರಿಪ್ಪತ್ತು ಕಿಲೋ ಮೀನಿನ ಪರಿಮಳವನ್ನು ಬಿಸಿ ಮಾಡಿ, ಒಟ್ಟು ಮಾಡಿ, ವಿಮಾನದ ಶಬ್ದದೊಂದಿಗೆ ನೇರವಾಗಿ ಜಿತೇಂದ್ರನ ಊಟದ ಕೋಣೆಗೆ ತಲುಪಿಸುವ ಏರ್ಪಾಡು. ಅವನ ಪರದೆಗಳು ಒಳಮುಖವಾಗಿ ಹಾರಿದವು. ಕಾಪುವಿನ ಬೆಕ್ಕುಗಳೆಲ್ಲ ಅವನ ಮೆಟ್ಟಿಲ ಮೇಲೆ ಸಾಲಾಗಿ ಕೂತವು. ಮೂಳೂರಿನವೂ ಬಂದಿದ್ದವು, ನನಗೆ ಮುಖಪರಿಚಯ ಉಂಟು. ಸಂಜೆಯೊಳಗೆ ಇಬ್ಬರು ಗೆಸ್ಟ್‌ಗಳು ಸೂಟ್‌ಕೇಸು ಎಳೆದುಕೊಂಡು ಹೆದ್ದಾರಿಗೆ ಓಡಿದರು. ಒಬ್ಬರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಜಿತೇಂದ್ರ ನಮ್ಮ ಹೊಸ್ತಿಲಲ್ಲಿ ನಿಂತಿದ್ದ. ಮೂಗಿಗೆ ಕರ್ಚೀಫು, ಕಿವಿಗೆ ಹತ್ತಿ. ಹಿಂದಿನ ದಿನ ಮುಂಗಾರಿಗೆ ಮುಂಚಿನ ಮಳೆಯೊಂದು ಸುರಿದು ಅಂಗಳ ಕೆಸರಾಗಿತ್ತು.

"ದೊಡ್ಡಮ್ಮ, ದೂರು ವಾಪಸ್ ತೆಗೀತೇನೆ. ನೀವು ಅಂಗಳದಲ್ಲೇ ಒಣಗಿಸಿ. ಇದೊಂದನ್ನು ನಿಲ್ಸಿ."

ನಾನು ಗೆದ್ದೆ ಎಂದುಕೊಂಡು ಎದೆಯುಬ್ಬಿಸಿದೆ. ಅಮ್ಮ ಬಂಗುಡೆ ಮಗುಚುತ್ತಲೇ ಇದ್ದಳು.

"ಅಂಗಳದಲ್ಲಿ ಈಗ ಮಳೆ ಉಂಟು. ಮಳೆಯನ್ನೂ ವಾಪಸ್ ತೆಗೀತೀಯಾ?"

"ಮತ್ತೆಂತ ಮಾಡ್ಬೇಕು ಹೇಳಿ."

"ನಾಡಿದ್ದು ಕಾರ್ಕಳ ಸಂತೆ. ಕಾರು ಬೇಕು."

"ಟೆಂಪೋ ಮಾಡಿಸಿ ಕೊಡ್ತೇನೆ. ಬಾಡಿಗೆ ನನ್ನದೇ."

"ಟೆಂಪೋ ಬೇಡ ಮಗ. ಗೆಸ್ಟ್‌ಗಳನ್ನು ಕರ್ಕೊಂಡು ಬರ್ತೀಯಲ್ಲ, ಆ ಬಿಳಿ ಕಾರು. ನೀನೇ ಬಿಡ್ಬೇಕು. ನನ್ನ ಜಾಗ ನನಗೆ ಸಿಕ್ಕಿದ ಮೇಲೆ ಮೆಷಿನಿನ ಮಾತು."

ಅವನು ನನ್ನ ಮುಖ ನೋಡಿದ. ನಾನು ಮಾಡಿನ ಹಂಚು ನೋಡಿದೆ. ಲೋಕದ ಮಹಾಸೇಡಿನವನು ನಾನು ಎಂದು ಇಷ್ಟು ದಿನ ನಂಬಿದ್ದೆ. ಅಮ್ಮನ ಮುಂದೆ ನಾನಿನ್ನೂ ಹಾಲು ಕುಡಿಯುವ ಮಗು.

ಸಂತೆಯ ದಿನ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂತದ್ದು ಮೂರು ಬುಟ್ಟಿ ಒಣಮೀನು. ನಾನು ಮುಂದೆ, ಅಮ್ಮ ಬುಟ್ಟಿಗಳ ಪಕ್ಕದಲ್ಲಿ. ಜಿತೇಂದ್ರ ಗಾಜು ಇಳಿಸಹೋದ.

"ಗಾಜು ಹಾಕು. ಮಳೆಗಾಳಿ ತಾಗಿದ್ರೆ ಮೀನು ಮೆತ್ತಗಾಗ್ತದೆ" ಎಂದಳು ಅಮ್ಮ. "ಏಸಿಯೂ ಬೇಡ."

ಕಾರ್ಕಳ ಮುಟ್ಟುವಾಗ ಆ ಕಾರಿಗೆ ಬಂದ ವಾಸನೆ ಅದನ್ನು ಗುಜರಿಗೆ ಹಾಕಿದರೂ ಹೋಗದು. ಅದರಿಂದ ಮಾಡಿದ ಸ್ಪೂನಿನಲ್ಲೂ ಬಂಗುಡೆ ರುಚಿ ಬಂದೀತು.

ಅಮ್ಮನ ಜಾಗದಲ್ಲಿ ಅಪೊಲೋನಿಯಾ ಬಾಯಿ ಈಗ ಪೂರ್ತಿ ಹರಡಿಕೊಂಡಿದ್ದಳು. ಅಮ್ಮ ಬುಟ್ಟಿ ಕೆಳಗಿಟ್ಟಳು. ಬುಟ್ಟಿಯಿಂದ ಒಂದು ಬಂಗುಡೆ ತೆಗೆದು ಅವಳ ಮುಂದೆ ಮುರಿದಳು. ಟಕ್ ಎಂದಿತು. ಅಪೊಲೋನಿಯಾ ಬಾಯಿ ಆ ತುಂಡನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಈ ಮಳೆಯಲ್ಲಿ ಇಷ್ಟು ಗರಿಗರಿ? ಎಲ್ಲಿ ಒಣಗಿಸಿದ್ದು ಸ್ವರ್ಣಕ್ಕ?"

"ಬಿಸಿಲು ಮನೆಗೆ ತರಿಸಿದ್ದೇನೆ."

"ಮತ್ತೆ ಎರಡು ವಾರ ಬರ್ಲಿಲ್ಲ ನೀವು? ಬೇರೆಯವರು ಕೂರ್ಬಾರ್ದು ಅಂತ ನಾನೇ ಹಿಡಿದಿಟ್ಟೆ" ಎನ್ನುತ್ತ ಅವಳು ತನ್ನ ಗೋಣಿ ಮಡಚಿದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಜಾಗ ಸಿಕ್ಕಿತಲ್ಲ, ಅಮ್ಮ ಸುಳ್ಳನ್ನೂ ಸೇರಿಸಿಯೇ ತೆಗೆದುಕೊಂಡಳು.

"ಈ ಬಿಳಿ ಅಂಗಿಯವನು ಯಾರು?"

"ತಂಗಿಯ ಮಗ. ವಾಸನೆಯ ವಿಷಯದಲ್ಲಿ ದೊಡ್ಡ ಜಾಣ. ಕೂತ್ಕೋ ಜಿತ್ತು."

ಅವನು ಗೋಣಿಯ ಮೇಲೆ ಕೂತ. ಗಿರಾಕಿಗಳು ಸುತ್ತುಗಟ್ಟಿದರು. ಯಾರೇ ಮೀನು ಕೈಗೆತ್ತಿಕೊಳ್ಳಲಿ, ಅಮ್ಮ ಅದನ್ನು ತೆಗೆದು ಜಿತೇಂದ್ರನ ಮೂಗಿನಡಿಗೆ ಹಿಡಿಯುವಳು. "ಮೂಸಿ ಹೇಳು ಮಗ." ಅವನು ಮೂಸಿ, ಉಸಿರು ಕಟ್ಟಿ, "ಲಾಯ್ಕ ಉಂಟು" ಎನ್ನಬೇಕು. ಮೆಲ್ಲಗೆ ಹೇಳಿದರೆ "ಅವರಿಗೆ ಕೇಳ್ಲಿಲ್ಲ" ಎನ್ನುವಳು. ಸುಳ್ಳಲ್ಲ, ಆ ದಿನ ಅವನು ಮೂಸಿದ ಮೀನು ಅರಬ್ಬೀ ಸಮುದ್ರದಲ್ಲಿ ಉಳಿದ ಮೀನಿಗಿಂತ ಹೆಚ್ಚು.

ಮಧ್ಯಾಹ್ನದ ಹೊತ್ತಿಗೆ ಎರಡು ಬುಟ್ಟಿ ಖಾಲಿಯಾದವು. ಜಿತೇಂದ್ರ ಬೆವರು ಒರೆಸಿಕೊಂಡು ಮೆಲ್ಲಗೆ ಕೇಳಿದ.

"ದೊಡ್ಡಮ್ಮ, ಜಾಗ ಸಿಕ್ಕಿತಲ್ವಾ? ಇನ್ನು ಮೆಷಿನ್ ನಿಲ್ಲಿಸಬಹುದಲ್ವಾ?"

ಅಮ್ಮ ಮೂರನೆಯ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು.

"ಮಳೆಗಾಲ ಈಗ ಶುರು ಮಗ" ಎಂದಳು. "ನಂಗು ಮೀನು ಇನ್ನೂ ಮೂಸಿಲ್ಲ ನೀನು. ತಗೋ."